ಜಮಖಾನೆಯ ಘಾಟು

ಹಯವದನನಿಗೆ ವಾಸನೆ ತಿಳಿಯುತ್ತಿರಲಿಲ್ಲ. 2021ರ ಜ್ವರದಲ್ಲಿ ಮನೆಯವರೆಲ್ಲರ ಮೂಗು ಕಟ್ಟಿತ್ತು. ಉಳಿದವರದು ಮೂರು ವಾರಕ್ಕೆ ತೆರೆಯಿತು, ಅವನದು ತೆರೆಯಲೇ ಇಲ್ಲ. ಕಾಫಿ ಬಿಸಿನೀರಾಯಿತು, ಒಗ್ಗರಣೆ ಬರೀ ಸದ್ದಾಯಿತು. ಎರಡು ವರ್ಷ ಕಾಯಿರಿ ಎಂದರು ಡಾಕ್ಟರು. ಕಾದ. ಆಮೇಲೆ ಕಾಯುವುದನ್ನೂ ಬಿಟ್ಟ.

ಕೆಲಸಕ್ಕೆ ಇದರಿಂದ ಅಡ್ಡಿಯಾಗಲಿಲ್ಲ. ಅಹಮದಾಬಾದಿನ ಚಾಂದ್‌ಖೇಡಾದಲ್ಲಿದ್ದ ತೈಲ ಕಂಪನಿಯ ಕಚೇರಿಯಲ್ಲಿ ಅವನು ಗ್ಯಾಸ್ ಸೋರಿಕೆ ಹಿಡಿಯುವ ಮೀಟರುಗಳನ್ನು ಪರೀಕ್ಷೆ ಮಾಡಿ, ಸರಿಯಿದ್ದರೆ ಚೀಟಿ ಅಂಟಿಸಿ ಕಳಿಸುವವನು. ಹೊಸದಾಗಿ ಬಂದ ಹುಡುಗರಿಗೆ ಅವನು ಹೇಳುತ್ತಿದ್ದ ಮಾತು ಒಂದೇ: ಮೂಗು ಸುಳ್ಳು ಹೇಳಬಹುದು, ಮೀಟರು ಹೇಳುವುದಿಲ್ಲ. ಕಂಪನಿಯ ಕ್ವಾರ್ಟರ್ಸಿನಲ್ಲಿ, ಎರಡನೇ ಮಹಡಿಯ ಮನೆಯಲ್ಲಿ, ಆ ಮಾತನ್ನು ಯಾರೂ ಕೇಳುತ್ತಿರಲಿಲ್ಲ. ಅಲ್ಲಿ ಹೆಂಡತಿ ತಾರಾಳ ಮೂಗಿನ ಮಾತೇ ನಡೆಯುತ್ತಿತ್ತು.

ಬೆಕ್ಕು ಬಂದದ್ದು ಕಳೆದ ಮಳೆಗಾಲದಲ್ಲಿ. ಒಂಬತ್ತು ವರ್ಷದ ಮಗಳು ಪೂರ್ವಿ ಕೆಳಗೆ ಸ್ಕೂಟರ್ ನಿಲ್ಲಿಸುವ ಜಾಗದಿಂದ ಎತ್ತಿಕೊಂಡು ಬಂದಳು. ಅಂಗೈಯಗಲದ ಮರಿ, ಕಾದ ಹೆಂಚಿನ ಮೇಲೆ ಸುಟ್ಟ ಖಾಖರಾ ರೊಟ್ಟಿಯ ಹಾಗೆ ಕಂದು ಚುಕ್ಕೆ. ಅದಕ್ಕೇ ಖಾಖರಾ ಎಂದು ಹೆಸರಿಟ್ಟಳು. ಪೂರ್ವಿ ಅಹಮದಾಬಾದಿನಲ್ಲೇ ಹುಟ್ಟಿದವಳು. ಶಾಲೆಯಲ್ಲಿ ಇಂಗ್ಲಿಷು, ಆಟದಲ್ಲಿ ಗುಜರಾತಿ, ಮನೆಯಲ್ಲಿ ಹಿಂದಿ. ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ. ಆದರೆ ಹಗಲೆಲ್ಲ ಮರಿಯನ್ನು ನೋಡಿಕೊಂಡವಳು ಹಯವದನನ ತಾಯಿ. ಅವ್ವ ಧಾರವಾಡದಿಂದ ಬಂದು ಮೂರು ವರ್ಷವಾಗಿತ್ತು, ಅವಳಿಗೆ ಕನ್ನಡ ಬಿಟ್ಟರೆ ಬೇರೆ ಮಾತಿಲ್ಲ. ಹೀಗಾಗಿ ಬೆಕ್ಕಿಗೂ ಕನ್ನಡವೇ ಬಂತು. 'ಖಾಖರಾ, ಇಧರ್ ಆ' ಎಂದರೆ ಅದು ಕಿವಿ ಅಲ್ಲಾಡಿಸುತ್ತಿರಲಿಲ್ಲ. 'ಇಲ್ಲೆ ಬಾ' ಎಂದರೆ ಬರುತ್ತಿತ್ತು. ಪೂರ್ವಿ ಎರಡು ದಿನ ಹಟ ಮಾಡಿ ನೋಡಿದಳು. ಮೂರನೆಯ ದಿನ ತಾನೇ ಸೋತು ಕನ್ನಡ ಕಲಿತಳು.

ಸಂಜೆ ಹಯವದನ ಕಚೇರಿಯಿಂದ ಬಂದು ಬೂಟು ಬಿಚ್ಚುವಾಗ ಒಳಗಿನಿಂದ ಅವಳ ಮಾತು ಕೇಳುತ್ತಿತ್ತು. 'ಸುಮ್ಮನ ಕೂಡು. ಅಪ್ಪ ಬಂದ. ಮೀಸಿ ಒರಸ್ಕೋ.' ಅವನು ಇನ್ನೊಂದು ಬೂಟನ್ನು ಬೇಕೆಂದೇ ತಡವಾಗಿ ಬಿಚ್ಚುತ್ತಿದ್ದ. ಮಗಳು ಕನ್ನಡ ಆಡುತ್ತಿದ್ದುದು ಆ ಬೆಕ್ಕಿನ ಜೊತೆ ಮಾತ್ರ. ಅವನು ಒಳಗೆ ಕಾಲಿಟ್ಟರೆ ಹಿಂದಿ ಶುರುವಾಗುತ್ತಿತ್ತು.

ಮನೆಯ ನಡುಕೋಣೆಯಲ್ಲಿ ಒಂದು ನವಲಗುಂದದ ಜಮಖಾನೆ ಹಾಸಿತ್ತು. ಕೆಂಪು ನೆಲ, ಬಿಳಿ ನವಿಲು, ಅಂಚಿಗೆ ಪಗಡೆಯ ಮನೆಗಳು. ತಾರಾಳ ಮದುವೆಯಲ್ಲಿ ಅವಳ ತವರಿನವರು ಹೇಳಿ ನೇಯಿಸಿ ಕೊಟ್ಟದ್ದು. ನವರಾತ್ರಿಯ ಹೊತ್ತಿಗೆ ಖಾಖರಾ ಅದರ ಮೇಲೆ, ಸರಿಯಾಗಿ ಎರಡನೇ ನವಿಲಿನ ಮೇಲೆ, ಉಚ್ಚೆ ಹೊಯ್ದಿತು.

ತಾರಾ ಮೊದಲ ಸಲ ಬೈಯಲಿಲ್ಲ. ಹಳೆಯ ಪಂಚೆಯಿಂದ ತಿಕ್ಕದೆ ಒತ್ತಿ ಒತ್ತಿ ಹೀರಿಸಿದಳು, ವಿನೆಗರ್ ನೀರು ಹಾಕಿದಳು, ಮೇಲೆ ಅಡುಗೆ ಸೋಡಾ ಉದುರಿಸಿದಳು, ತಣ್ಣೀರಿನಲ್ಲಿ ಜಾಲಿಸಿ ಮಾಳಿಗೆಯ ಬಿಸಿಲಿಗೆ ಹಾಕಿದಳು. ಒಣಗಿ ಬಂತು. ಹಾಸಿದರು. ಎರಡು ದಿನ ಬಿಟ್ಟು ಖಾಖರಾ ಅದೇ ನವಿಲಿನ ಮೇಲೆ ಮತ್ತೆ ಹೊಯ್ದಿತು.

ಬೆಕ್ಕು ಹೊಯ್ಯಲೆಂದೇ ಬಾಲ್ಕನಿಯಲ್ಲಿ ಮರಳಿನ ತಟ್ಟೆಯಿತ್ತು. ಪೂರ್ವಿ ದಿನಾ ಅದನ್ನು ಸೋಸುತ್ತಿದ್ದಳು. ಬೆಕ್ಕು ಅಲ್ಲಿಗೂ ಹೋಗುತ್ತಿತ್ತು. ಅಲ್ಲಿಗೆ ಹೋಗುವ ಪ್ರಾಣಿ ಇಲ್ಲಿಗೆ ಯಾಕೆ ಬರುತ್ತದೆ ಎಂಬುದು ಹಯವದನನಿಗೆ ಅರ್ಥವಾಗಲಿಲ್ಲ. ಪ್ರಾಣಿಗಳ ಡಾಕ್ಟರ ಹತ್ತಿರ ಒಯ್ದ. ಅವರು ಬೆಕ್ಕಿಗೆ ಸಂತಾನಹರಣ ಆಪರೇಷನ್ ಮಾಡಿದರು, ಉಚ್ಚೆ ಪರೀಕ್ಷೆ ಮಾಡಿದರು, ರೋಗವೇನೂ ಇಲ್ಲ ಎಂದರು. 'ವಾಸನೆ ಪೂರ್ತಿ ಹೋಗಬೇಕು, ಇಲ್ಲದಿದ್ದರೆ ಅದೇ ಜಾಗಕ್ಕೆ ಬರುತ್ತದೆ. ಅಮೋನಿಯ ಇರುವ ಏನನ್ನೂ ಹಾಕಬೇಡಿ, ಬೇರೆ ಪ್ರಾಣಿ ಹೊಯ್ದಿದೆ ಅಂದುಕೊಂಡು ಇದು ಮೇಲೆ ಹೊಯ್ಯುತ್ತದೆ' ಎಂದು ಹಿಂದಿಯಲ್ಲಿ ಎರಡು ಸಲ ಹೇಳಿ ಕಳಿಸಿದರು. ಹಯವದನ ಮನೆಗೆ ಬಂದು ಫಿನಾಯಿಲಿನಿಂದ ಹಿಡಿದು ಗಾಜು ಒರೆಸುವ ನೀಲಿ ನೀರಿನವರೆಗೆ ಎಲ್ಲ ಬಾಟಲಿಗಳ ಹಿಂದಿನ ಸಣ್ಣಕ್ಷರ ಓದಿ, ಅನುಮಾನ ಬಂದದ್ದನ್ನೆಲ್ಲ ಎಸೆದ.

ಆದರೂ ನಿಲ್ಲಲಿಲ್ಲ.

ತಾರಾಳ ದೊಡ್ಡಪ್ಪನ ಮಗ ಹೃಷಿಕೇಶ ಸೂರತ್ತಿನ ಬಣ್ಣದ ಮಿಲ್ಲಿನಲ್ಲಿದ್ದ. ಫೋನಿನಲ್ಲಿ ವಿಷಯ ಕೇಳಿ, 'ಎಂಜೈಮ್ ಬೇಕು ತಂಗೀ, ನಮ್ಮಲ್ಲೆ ಡ್ರಮ್ಮುಗಟ್ಟಲೆ ಅದ' ಎಂದು ಒಂದು ಡಬ್ಬಿ ಕಳಿಸಿದ. ಹಾಕಿದರು, ಒಂದು ರಾತ್ರಿ ನೆನೆಸಿದರು. ಜಮಖಾನೆಯ ಬಿಗಿ ಹೋಗಿ ಒದ್ದೆ ರೊಟ್ಟಿಯ ಹಾಗೆ ಜೋತುಬಿತ್ತು. ವಾರ ಬಿಟ್ಟು ಹೃಷಿಕೇಶನೇ ಫೋನು ಮಾಡಿ ನಕ್ಕ. ಅದು ಬಟ್ಟೆಯ ಗಂಜಿ ತಿನ್ನುವ ಎಂಜೈಮಂತೆ. ಉಚ್ಚೆ ತಿನ್ನುವುದೇ ಬೇರೆಯಂತೆ. ಆ ಬೇರೆಯದನ್ನೂ ತರಿಸಿದರು. ಹಾಕಿದ ದಿನ, ಮರುದಿನ ಚೆನ್ನಾಗಿತ್ತು. ಮೂರನೆಯ ದಿನ ಖಾಖರಾ ಬಂದು ಎರಡನೇ ನವಿಲಿನ ಮೇಲೆ ಕೂತಿತು.

'ಅದಕ್ಕ ಆ ನವಿಲಿನ ಮ್ಯಾಲೆ ಏನು ಸಿಟ್ಟೋ' ಎಂದಳು ಅವ್ವ.

ಅವ್ವ ಬೆಕ್ಕಿಗೆ ಹಾಲು ಹಾಕುತ್ತಿದ್ದಳು, ಮಾತಾಡಿಸುತ್ತಿದ್ದಳು, ಮುಟ್ಟುತ್ತಿರಲಿಲ್ಲ. ಅವಳ ದಿನಚರಿ ಬೆಕ್ಕು ಬರುವ ಮೊದಲು ಹೇಗಿತ್ತೋ ಆಮೇಲೂ ಹಾಗೇ ಕಾಣುತ್ತಿತ್ತು. ಬೆಳಿಗ್ಗೆ ಸ್ನಾನ ಮಾಡಿ, ಒದ್ದೆ ಸೀರೆಯಲ್ಲೇ ಹಿತ್ತಾಳೆಯ ತಂಬಿಗೆ ಹಿಡಿದು ಎಲ್ಲ ಕೋಣೆಗಳಲ್ಲಿ ಒಂದೊಂದು ಹನಿ ಸಿಂಪಡಿಸಿಕೊಂಡು ದೇವರ ಗೂಡಿನ ಮುಂದೆ ಹೋಗಿ ಕೂಡುವುದು. ಹಯವದನ ಹುಟ್ಟಿದಾಗಿನಿಂದ ನೋಡಿದ್ದ ನೋಟ. ಗೋಡೆಯ ಮೇಲಿನ ಗಡಿಯಾರವನ್ನು ನೋಡಿದಷ್ಟೇ ನೋಡುತ್ತಿದ್ದ.

ಜನವರಿಯಲ್ಲಿ ಮಾತು ಬಿಗಿಯಾಯಿತು. ಸಾಬರಮತಿ, ಮೊಟೇರಾ, ಚಾಂದ್‌ಖೇಡಾ ಕಡೆಯ ಹದಿನಾಲ್ಕು ಕನ್ನಡ ಮನೆಗಳು ತಿಂಗಳಿಗೊಂದು ಭಾನುವಾರ ಒಬ್ಬೊಬ್ಬರ ಮನೆಯಲ್ಲಿ ಭಜನೆಗೆ ಸೇರುತ್ತಿದ್ದವು. ಡಿಸೆಂಬರಿನ ಭಜನೆಯಲ್ಲಿ ಬ್ಯಾಂಕಿನವರೊಬ್ಬರ ಹೆಂಡತಿ ತಾರಾಳ ಪಕ್ಕದಿಂದ ಎದ್ದು ಹೋಗಿ ಆಚೆ ಕೂತಿದ್ದಳು. ಏನೂ ಅಂದಿರಲಿಲ್ಲ. ತನ್ನ ಸೀರೆಯೂ ನಾರುತ್ತಿದೆ ಎಂದುಕೊಳ್ಳಲು ತಾರಾಳಿಗೆ ಅಷ್ಟೇ ಸಾಕಾಯಿತು.

'ನೋಡ್ರಿ' ಎಂದಳು ಹಯವದನನಿಗೆ. 'ಫೆಬ್ರವರಿ ಭಜನಿ ನಮ್ಮ ಮನ್ಯಾಗ. ಎಲ್ಲಾರೂ ಆ ಜಮಖಾನಿ ಮ್ಯಾಲೇ ಕೂಡ್ತಾರ. ಅಷ್ಟರಾಗ ವಾಸನಿ ಹೋಗಬೇಕು, ಇಲ್ಲಾ ಬೆಕ್ಕು ಹೋಗಬೇಕು.'

'ಹೊಸಾ ಜಮಖಾನಿ ತಂದರಾತು.'

'ನಿಮಗ ಮೂಗಿಲ್ಲ, ನಿಮಗೇನು ತಿಳೀತದ? ನಾಳೆ ಹೊಸಾದರ ಮ್ಯಾಲೆ ಹೊಯ್ತದ.'

ಚೇತನ್ ಒಯ್ಯುತ್ತಾನೆ ಎಂದೂ ಹೇಳಿದಳು. ಚೇತನ್ ಅವಳ ತಮ್ಮ. ವಡೋದರದ ಮಕರಪುರದಲ್ಲಿ, ಐಸ್ ಕಾರ್ಖಾನೆಗಳಿಗೆ ಯಂತ್ರ ಮಾಡುವ ಕಂಪನಿಯೊಂದರಲ್ಲಿ ಕೆಲಸ. ಅಲ್ಲಿಯ ಗೋದಾಮಿನಲ್ಲಿ ಇಲಿ ಬಹಳ, ಬೆಕ್ಕು ಇದ್ದರೆ ಒಳ್ಳೆಯದೇ ಎಂದಿದ್ದನಂತೆ.

ಪೂರ್ವಿ ಬಾಗಿಲಿನಲ್ಲಿ ನಿಂತು ಕೇಳಿಸಿಕೊಂಡಳು. ಅಳಲಿಲ್ಲ. ಬೆಕ್ಕನ್ನೆತ್ತಿಕೊಂಡು ತನ್ನ ಕೋಣೆಗೆ ಹೋಗಿ ಚಿಲಕ ಹಾಕಿದಳು. ಒಳಗಿನಿಂದ ಕೇಳಿಸಿತು: 'ಅಲ್ಲೆ ಬ್ಯಾಡ. ಹೇಳಿದ್ರ ತಿಳ್ಯಂಗಿಲ್ಲೇನು ನಿನಗ?'

ವಾಸನೆ ಹೋಗಿದೆಯೋ ಇಲ್ಲವೋ ನೋಡಲು ಹಯವದನನಿಗೆ ಬೇರೆಯವರ ಮೂಗೇ ಗತಿ. ಜಮಖಾನೆ ಒಗೆದು ಹಾಸಿದಾಗಲೆಲ್ಲ ಕೇಳುತ್ತಿದ್ದ. ತಾರಾ ನಾರುತ್ತದೆ ಎನ್ನುತ್ತಿದ್ದಳು. ಪೂರ್ವಿ ಇಲ್ಲವೇ ಇಲ್ಲ ಎನ್ನುತ್ತಿದ್ದಳು. ಅವ್ವ, 'ಈಗ ಶುದ್ಧ ಆಗೇದ ಬಿಡು' ಎನ್ನುತ್ತಿದ್ದಳು. ಎಲ್ಲರೂ ಬೆನ್, ಅಂದರೆ ಅಕ್ಕ, ಎಂದು ಕರೆಯುವ ಎದುರು ಮನೆಯ ಗುಜರಾತಿ ಹೆಂಗಸು ಬಾಗಿಲಿನಲ್ಲೇ ನಿಂತು ಉಸಿರೆಳೆದು, 'ಕಾಂಯಿಕ್ ತೋ ಛೇ' ಎಂದು, ಏನೋ ಇದೆ ಆದರೆ ಏನೆಂದು ಗೊತ್ತಾಗುತ್ತಿಲ್ಲ ಎಂಬಂತೆ ಕೈ ತಿರುಗಿಸಿ ಹೋದರು. ನಾಲ್ಕು ಮೂಗು, ನಾಲ್ಕು ಉತ್ತರ. ಒಂದೇ ಗ್ಯಾಸಿಗೆ ನಾಲ್ಕು ಅಂಕಿ ತೋರಿಸುವ ಮೀಟರುಗಳನ್ನು ಅವನು ಕಚೇರಿಯಲ್ಲಿ ಗುಜರಿಗೆ ಹಾಕುತ್ತಿದ್ದ. ಮನೆಯವರನ್ನು ಹಾಗೆ ಮಾಡಲಾಗದು.

ಅವನಿಗೆ ಹೊಳೆದದ್ದು ಆಗಲೇ. ಉಚ್ಚೆಯ ಘಾಟೆಂದರೆ ಅಮೋನಿಯ, ಐಸ್ ಕಾರ್ಖಾನೆಯ ಕೊಳವೆಗಳಲ್ಲಿ ಓಡುವುದೂ ಅಮೋನಿಯವೇ. ಚೇತನ್‌ನ ಹತ್ತಿರ ಅಮೋನಿಯದ ಮೀಟರು ಇರಲೇಬೇಕು. ಫೋನು ಮಾಡಿದ. ಸಂಕ್ರಾಂತಿಗೆ ಬಂದಾಗ ಚೇತನ್ ತಂದುಕೊಟ್ಟ, ಟಾರ್ಚಿನಷ್ಟು ದೊಡ್ಡದು, ಹಳದಿ ಬಣ್ಣದ್ದು.

'ಭಾವಾ, ಬೆಕ್ಕಿನ ಉಚ್ಚಿ ಅಳೀಲಿಕ್ಕೆ ಇದನ್ನ ಒಯ್ದೆ ಅಂತ ನಮ್ಮ ಸಾಹೇಬಗ ಹೇಳಬ್ಯಾಡ್ರಿ ಮತ್ತ' ಎಂದ. 'ನಗತಾ ನಗತಾ ನೌಕರಿ ಕಳೀತಾನ.'

ಭಜನೆಗೆ ಮೂರು ದಿನವಿದ್ದಾಗ, ಗುರುವಾರ, ಹಯವದನ ರಜೆ ಹಾಕಿದ. ಜಮಖಾನೆಯನ್ನು ತಾನೇ ಎರಡು ಸಲ ಎಂಜೈಮಿನಲ್ಲಿ ನೆನೆಸಿ, ತಣ್ಣೀರಿನಲ್ಲಿ ತೊಳೆದು, ಬಿಸಿಲಿನಲ್ಲಿ ಎರಡೂ ಮಗ್ಗುಲು ಒಣಗಿಸಿದ. ಶುಕ್ರವಾರ ಸಂಜೆ ಹಾಸಿ ಮೀಟರು ಹಿಡಿದ. ಸೊನ್ನೆ. ಪೂರ್ವಿ ಚಪ್ಪಾಳೆ ತಟ್ಟಿದಳು. ಬೆಕ್ಕನ್ನು ಯಾರೂ ಬಳಸದ ಹಿಂದಿನ ಬಚ್ಚಲಮನೆಯಲ್ಲಿ ಮರಳಿನ ತಟ್ಟೆಯ ಜೊತೆ ಕೂಡಿಹಾಕಿ, ಹೊರಗಿನಿಂದ ಚಿಲಕ ಹಾಕಿ, ಮಲಗಿದರು.

ಶನಿವಾರ ಬೆಳಿಗ್ಗೆ ಎಂಟಕ್ಕೆ ಮೀಟರು ಏಳು ತೋರಿಸಿತು.

ಹಯವದನ ಬಚ್ಚಲಮನೆಗೆ ಹೋಗಿ ನೋಡಿದ. ಚಿಲಕ ಹಾಕಿದ ಹಾಗೇ ಇತ್ತು. ಒಳಗೆ ಖಾಖರಾ ಬಕೆಟ್ಟಿನ ಮೇಲೆ ಕೂತು ಅವನನ್ನು ನೋಡಿತು. ಮೀಟರನ್ನು ಬಾಲ್ಕನಿಗೆ ಒಯ್ದ. ಸೊನ್ನೆ. ಅಡುಗೆಮನೆಯಲ್ಲಿ ಸೊನ್ನೆ. ಜಮಖಾನೆಯ ಮೇಲೆ, ಎರಡನೇ ನವಿಲಿನ ಹತ್ತಿರ, ಏಳು. ಮೊಣಕಾಲೂರಿ ಕೂತು ಜಮಖಾನೆಯನ್ನು ಮೂಸಿಯೂ ನೋಡಿದ. ಏನು ತಿಳಿಯಬೇಕು? ಹತ್ತಿಯ ದಾರ ಮೂಗಿಗೆ ಚುಚ್ಚಿತು, ಅಷ್ಟೆ.

'ಪಪ್ಪಾ, ದೇಖೋ! ಖಾಖರಾ ನೇ ನಹೀಂ ಕಿಯಾ. ವೋ ತೋ ಬಾಥರೂಮ್ ಮೇಂ ಥಾ!' ಎಂದು ಪೂರ್ವಿ ಕುಣಿದಳು.

'ಒಳಗ ಇಂಗಿದ್ದು ಮ್ಯಾಲೆ ಏಳತದ' ಎಂದಳು ತಾರಾ. 'ಬೆಳಗ್ಗೆ ಹವಾ ಥಂಡಿ ಇರತದಲ್ಲ, ಅದಕ್ಕ.'

'ಥಂಡಿಗೆ ಏಳಂಗಿಲ್ಲ, ಬಿಸಿಗೆ ಏಳತದ.'

'ಹಂಗಾರ ನಿಮ್ಮ ಮೀಟರೇ ಸುಳ್ಳು.'

ಅವನಿಗೂ ಹಾಗೇ ಅನಿಸಿತು. ಬೆಕ್ಕಿಲ್ಲದೆ ಬೆಕ್ಕಿನ ಉಚ್ಚೆ ಇರಲು ಸಾಧ್ಯವಿಲ್ಲ. ಮೀಟರು ಇದೆ ಎನ್ನುತ್ತಿದೆ. ಎರಡರಲ್ಲಿ ಒಂದು ತಪ್ಪು. ಹದಿನೇಳು ವರ್ಷ ಮೀಟರನ್ನು ನಂಬಿ ಸಂಬಳ ತೆಗೆದುಕೊಂಡವನು ಆ ಬೆಳಿಗ್ಗೆ ಮೊದಲ ಸಲ ಮೀಟರು ಕೆಟ್ಟಿದೆ ಎಂದುಕೊಂಡ. ರಾತ್ರಿಗೂ ಬೆಳಿಗ್ಗೆಗೂ ನಡುವೆ ಆ ಕೋಣೆಗೆ ಯಾರು ಬಂದರು, ಏನು ಮಾಡಿದರು ಎಂಬ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ಕಚೇರಿಯಾಗಿದ್ದರೆ ಅದನ್ನೇ ಮೊದಲು ಕೇಳುತ್ತಿದ್ದ. ಮನೆಯಲ್ಲಿ ಕೇಳಲಿಲ್ಲ. ಅಲ್ಲಿಗೆ ಅವ್ವನ ಹೊರತು ಯಾರೂ ಬಂದಿರಲಿಲ್ಲ, ಮತ್ತು ಅವ್ವ ಬಂದದ್ದು ಅವನ ಲೆಕ್ಕದಲ್ಲಿ ಬಂದದ್ದೇ ಅಲ್ಲ.

ಇದೇ ಗಲಿಬಿಲಿಯಲ್ಲಿ ಪೂರ್ವಿ ಬಚ್ಚಲಮನೆಯ ಬಾಗಿಲು ತೆಗೆದಿದ್ದಳು. ಖಾಖರಾ ಬಾಲ ಎತ್ತಿಕೊಂಡು ಬಂತು. ಯಾರನ್ನೂ ನೋಡಲಿಲ್ಲ. ನೇರ ಎರಡನೇ ನವಿಲಿನ ಬಳಿಗೆ ಹೋಯಿತು, ಮೂಸಿತು, ಬಾಯಿ ಅರ್ಧ ತೆರೆದು ಇನ್ನೊಮ್ಮೆ ಮೂಸಿತು, ತಿರುಗಿ ಕೂತು ಹೊಯ್ದಿತು. ಎಲ್ಲರ ಕಣ್ಣೆದುರು.

'ಅಲ್ಲೆ ಬ್ಯಾಡಾ!' ಎಂದು ಪೂರ್ವಿ ಕಿರುಚಿದಳು. ತಡವಾಗಿತ್ತು.

ತಾರಾ ತಮ್ಮನಿಗೆ ಫೋನು ಮಾಡಿದಳು. ಮಧ್ಯಾಹ್ನ ಎರಡಕ್ಕೆ ಚೇತನ್ ಕಾರು ತಂದ. ಮಾವಿನಹಣ್ಣಿನ ಪ್ಲಾಸ್ಟಿಕ್ ಬುಟ್ಟಿಗೆ ಇನ್ನೊಂದು ಬುಟ್ಟಿ ಮುಚ್ಚಿ ಹಗ್ಗ ಕಟ್ಟಿದರು. ಹಯವದನ ಬುಟ್ಟಿಯನ್ನು ತಾನೇ ಕೆಳಗಿಳಿಸಿದ. ಬೇರೆ ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ. ಮೀಟರು ಬೆಕ್ಕಿನ ಪರವಾಗಿ ಸಾಕ್ಷಿ ಹೇಳಿತ್ತು, ಬೆಕ್ಕು ತಾನೇ ಬಂದು ಆ ಸಾಕ್ಷಿಯನ್ನು ಕೆಡಿಸಿತ್ತು.

ಪೂರ್ವಿ ಕಾರಿನ ಕಿಟಕಿಗೆ ಬಾಗಿ ಬುಟ್ಟಿಗೆ ಹೇಳಿದಳು: 'ಹೆದರಬ್ಯಾಡ. ಮಾಮಾ ಒಳ್ಳೇವ ಇದ್ದಾನ.' ಆಮೇಲೆ ಚೇತನ್‌ಗೆ ಹಿಂದಿಯಲ್ಲಿ ಹೇಳಿದಳು, 'ಇಸ್ಸೇ ಕನ್ನಡ ಮೇಂ ಬಾತ್ ಕರ್ನಾ, ನಹೀಂ ತೋ ನಹೀಂ ಸಮಝೇಗಾ.'

ಜಮಖಾನೆಯನ್ನು ಮತ್ತೆ ಒಗೆದರು. ಸಂಜೆಯ ಬಿಸಿಲಿಗೆ, ರಾತ್ರಿಯ ಫ್ಯಾನಿಗೆ ಒಣಗಿತು. ಭಾನುವಾರ ಬೆಳಿಗ್ಗೆ, ಅವ್ವ ಸ್ನಾನಕ್ಕೆ ಹೋಗುವ ಮೊದಲೇ, ಹಾಸಿದರು. ಬೆಕ್ಕಿಲ್ಲದ ಮನೆ, ಇನ್ನೇನು ನಾರುತ್ತದೆ ಎಂದು ತಾರಾ ಒಂದು ಊದುಬತ್ತಿಯನ್ನೂ ಹಚ್ಚಲಿಲ್ಲ.

ಹತ್ತೂವರೆಗೆ ಭಜನೆಯವರು ಬಂದರು. ಮೊದಲು ಒಳಗೆ ಬಂದವರು ಹೊನ್ನಾವರದ ಸುಬ್ಬರಾಯರು. ವಿಮಾ ಕಂಪನಿಯಲ್ಲಿ ಕೆಲಸ. ಹದಿನೆಂಟು ವರ್ಷ ಗುಜರಾತಿನ ಹಳ್ಳಿ ಹಳ್ಳಿ ತಿರುಗಿ, ವಿಮೆ ಮಾಡಿಸಿದ ಆಕಳು ಎಮ್ಮೆಗಳನ್ನು, ಬದುಕಿದ್ದಾಗಲೂ ಸತ್ತಾಗಲೂ, ಕೊಟ್ಟಿಗೆಗೇ ಹೋಗಿ ಪರೀಕ್ಷೆ ಮಾಡಿದವರು. ಜಮಖಾನೆಯ ಮೇಲೆ ಕಾಲು ಮಡಚಿ ಕೂತರು, ತಾಳ ಕೈಗೆ ತೆಗೆದುಕೊಂಡರು, ಕೆಳಗಿಟ್ಟರು.

'ಹಯವದನಾ, ಮನೆಯಲ್ಲಿ ಆಕಳು ಕಟ್ಟಿದ್ದೀಯೇನೋ ಮಾರಾಯ?'

ತಾರಾಳ ಮುಖ ಕಪ್ಪಾಯಿತು. 'ಬೆಕ್ಕಿತ್ತು ರಾಯರ, ನಿನ್ನೆ ಕಳಿಸಿಬಿಟ್ವಿ. ಅದರ ವಾಸನಿ ಇನ್ನೂ...'

'ಬೆಕ್ಕಲ್ಲ ತಂಗೀ ಇದು. ಬೆಕ್ಕಿಂದು ಬೇರೆ, ಮೂಗಿಗೆ ಕೊಕ್ಕೆ ಹಾಕ್ತದೆ. ಇದು ಆಕಳಿಂದು. ಅದೂ ಭಟ್ಟಿ ಇಳಿಸಿದ್ದು, ಬಾಟಲಿಯಲ್ಲಿ ಬರ್ತದಲ್ಲ, ಅದು. ನನ್ನ ಹತ್ರ ಕೇಳಿ, ನನ್ನ ಪ್ಯಾಂಟುಗಳೆಲ್ಲ ಇದೇ ವಾಸನೆ.'

ಯಾರೋ ನಕ್ಕರು. ಹಯವದನ ಅವ್ವನ ಕಡೆ ತಿರುಗಿದ. ಅವ್ವ ಗೋಡೆಗೆ ಒರಗಿ ಹೂಬತ್ತಿ ಹೊಸೆಯುತ್ತ ಕೂತಿದ್ದಳು. ಮುಚ್ಚಿಡುವ ಮಾತೇ ಇರಲಿಲ್ಲ ಅವಳಿಗೆ.

'ಹೌದು, ನಾನ ಸಿಂಪಡಿಸೇನಿ' ಎಂದಳು. 'ಗೋಮೂತ್ರ. ಗೋಶಾಲಿ ಅಂಗಡಿಯಿಂದ ಎದುರಮನಿ ಬೆನ್ ತಂದುಕೊಡತಾಳ. ಮೊದಲ ಬರೇ ನೀರು ಹಾಕತಿದ್ದೆ. ಬೆಕ್ಕು ಹೊಯ್ದ ಮ್ಯಾಲೆ ನೀರಿಗೆ ಶುದ್ಧ ಆಗತದೇನು? ದಿನಾ ಮನಿಗೆಲ್ಲಾ ಎರಡೆರಡು ಹನಿ. ಆ ನವಿಲಿನ ಮ್ಯಾಲೆ ಅಂಗೈ ತುಂಬ.'

'ಯಾವಾಗಿಂದವ್ವಾ?'

'ಮೊದಲನೇ ಸರ್ತಿ ಹೊಯ್ದಾಗಿಂದ. ಅದು ಹೊಯ್ಯೋದು, ನಾನು ಹಾಕೋದು. ಅದು ಬಿಡಲಿಲ್ಲ, ನಾನೂ ಬಿಡಲಿಲ್ಲ.'

'ಡಾಕ್ಟರು ಅಮೋನಿಯ ಇರೋದು ಏನೂ ಹಾಕಬ್ಯಾಡ್ರಿ ಅಂದಿದ್ದರು.'

'ಅಮೋನಿಯ ನಾ ಯಾಕ ಹಾಕಲಿ? ಗೋಮೂತ್ರ ಹಾಕೇನಿ.'

ಸುಬ್ಬರಾಯರು ತೊಡೆ ತಟ್ಟಿಕೊಂಡರು. 'ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅಂತಾರಲ್ಲ, ಇಲ್ಲಿ ಆಕಳ ಉಚ್ಚೆಗೆ ಬೆಕ್ಕು ಊರು ಬಿಡ್ತು. ನನ್ನ ಜಾಗಕ್ಕೆ ದಿನಾ ಯಾವುದೋ ದೊಡ್ಡ ಪ್ರಾಣಿ ಬಂದು ಹೊಯ್ದು ಹೋಗ್ತದೆ ಅಂತ ಅದು ಹೊಡೆದಾಡ್ತಾ ಇತ್ತು, ಪಾಪ.'

ತಾರಾ ಅತ್ತೆಯನ್ನು ನೋಡಿದಳು, ಗಂಡನನ್ನು ನೋಡಿದಳು, ಜಮಖಾನೆಯನ್ನು ನೋಡಿದಳು. 'ನನಗ ದಿನಾ ಬಡೀತಿದ್ದದ್ದು ಇದೇ ಏನು ಹಂಗಾರ?' ಎಂದಳು. ಯಾರಿಗೂ ಅಲ್ಲ. ನಾಲ್ಕು ತಿಂಗಳು ಅವಳು ಮೂಸಿದ್ದರಲ್ಲಿ ಬೆಕ್ಕಿನದು ಎಷ್ಟು, ಆಕಳದು ಎಷ್ಟು ಎಂದು ಈಗ ಅವಳಿಗೂ ಹೇಳಲಾಗುತ್ತಿರಲಿಲ್ಲ. ವಾಸನೆ ಬಂದಿತ್ತು, ಮನೆಯಲ್ಲಿ ಬೆಕ್ಕಿತ್ತು, ಅಷ್ಟಕ್ಕೇ ಲೆಕ್ಕ ಮುಗಿದಿತ್ತು.

ಪೂರ್ವಿಗೆ ಮಾತೆಲ್ಲ ಅರ್ಥವಾಗದಿದ್ದರೂ ಮುಖ್ಯವಾದದ್ದು ಅರ್ಥವಾಯಿತು. ಅಪ್ಪನ ಫೋನು ತಂದು ಅವನ ಕೈಯಲ್ಲಿಟ್ಟಳು.

ಚೇತನ್ ಎರಡನೇ ಸಲಕ್ಕೆ ಎತ್ತಿದ. 'ಭಾವಾ, ನಾನೇ ಮಾಡವ ಇದ್ದೆ. ನಿನ್ನೆ ಸಂಜೀಕ ಗೋದಾಮಿನಾಗ ಬುಟ್ಟಿ ಬಿಚ್ಚಿದೆ. ಆಚೀಕಡೆ ಪ್ರೆಸ್ ಮಶೀನ್ ಶುರು ಆತು ನೋಡ್ರಿ, ಆ ಸಪ್ಪಳಕ್ಕ ಶಟರಿನ ಕೆಳಗ ತೂರಿ ಹೋತು. ನಾಲ್ಕು ಮಂದಿ ಹುಡುಕೇವಿ. ಇಲ್ಲ.'

'ಏನಂತ ಕರದ್ರಿ?'

'ಏನಂತ ಅಂದ್ರ? ಎಲ್ಲಾರೂ ಗುಜರಾತಿ ಮಂದಿ. ಆವ್ ಆವ್ ಅಂತ ಕರದ್ರು.'

ಹಯವದನ ಆ ಮಧ್ಯಾಹ್ನವೇ ಪೂರ್ವಿಯನ್ನು ಕರೆದುಕೊಂಡು ಮಕರಪುರಕ್ಕೆ ಹೋದ. ಭಜನೆ ಅವರಿಲ್ಲದೆ ನಡೆಯಿತು. ಭಾನುವಾರದ ಕಾರ್ಖಾನೆ ರಸ್ತೆಗಳಲ್ಲಿ, ಮುಚ್ಚಿದ ಗೇಟುಗಳ ಮುಂದೆ, ತಂತಿಯ ಸುರುಳಿಗಳ ಸಂದಿಯಲ್ಲಿ ಪೂರ್ವಿ ಕೂಗುತ್ತ ನಡೆದಳು: 'ಖಾಖರಾ, ಇಲ್ಲೆ ಬಾ. ಬಾ, ಹಾಲು ಕುಡಿ. ಯಾರೂ ಬೈಯಂಗಿಲ್ಲ.' ಕಾವಲುಗಾರರು ಕುರ್ಚಿಯಿಂದ ತಲೆ ಎತ್ತಿ ನೋಡಿದರು. ಮೂರು ಬೆಕ್ಕು ಸಿಕ್ಕವು. ಒಂದಕ್ಕೂ ಕನ್ನಡ ಬರುತ್ತಿರಲಿಲ್ಲ. ಮುಂದಿನ ಎರಡು ಭಾನುವಾರವೂ ಹೋದರು. ಅದರ ಮುಂದಿನ ಭಾನುವಾರ ಪೂರ್ವಿಯೇ, 'ರೆಹ್ನೇ ದೋ ಪಪ್ಪಾ' ಎಂದು ಮನೆಯಲ್ಲೇ ಉಳಿದಳು.

ಅವ್ವ ತಪ್ಪಾಯಿತು ಎನ್ನಲಿಲ್ಲ. ಭಜನೆಯ ಮರುದಿನವೇ, ಸೋಮವಾರ, ಮನೆಯಲ್ಲಿ ಯಾರೂ ಇಲ್ಲದಾಗ, ಜಮಖಾನೆಯನ್ನು ತಾನೊಬ್ಬಳೇ ಬಚ್ಚಲಿಗೆ ಎಳೆದುಕೊಂಡು ಹೋಗಿ, ಕುದಿಯುವ ನೀರು ಸುರಿದು, ಬಟ್ಟೆ ಸೋಡಾ ಹಾಕಿ, ತುಳಿದು ತುಳಿದು ಒಗೆದಿದ್ದಳು. ವಯಸ್ಸು ಎಪ್ಪತ್ತೊಂದು. ತಾರಾ ಬಂದು ನೋಡುವ ಹೊತ್ತಿಗೆ ಕೆಂಪೆಲ್ಲ ಬಿಟ್ಟು ನವಿಲುಗಳು ಗುಲಾಬಿಯಾಗಿದ್ದವು, ಪಗಡೆಯ ಮನೆಗಳು ಒಂದರೊಳಗೊಂದು ಇಳಿದಿದ್ದವು. 'ಇನ್ನ ನಾರಂಗಿಲ್ಲ' ಎಂದಳು ಅವ್ವ, ಸೊಂಟ ಹಿಡಿದುಕೊಂಡು. ತಾರಾ ಜಗಳ ತೆಗೆಯಲಿಲ್ಲ. ಜಮಖಾನೆಯನ್ನು ಮಡಚಿ ಕೆಳಗಿನ ಕಾವಲುಗಾರನಿಗೆ ಕೊಟ್ಟು ಬಂದಳು. ಅವನು ಅದನ್ನು ಸ್ಕೂಟರಿಗೆ ಹೊದಿಸಿದ.

ಮೀಟರನ್ನು ವಾಪಸು ಕೊಡುವ ಮೊದಲು ಹಯವದನ ಕಚೇರಿಯಲ್ಲಿ ಅದನ್ನು ಸರಿಯಾಗಿ ಪರೀಕ್ಷೆ ಮಾಡಿಸಿದ. ಒಂದು ಅಂಕಿಯೂ ಹೆಚ್ಚು ಕಡಿಮೆ ಇರಲಿಲ್ಲ. ಪರೀಕ್ಷೆಯ ಹಾಳೆಯ ಹಿಂದೆ ಅವನು ಪೂರ್ವಿ ಬೆಕ್ಕಿನ ಜೊತೆ ಆಡುತ್ತಿದ್ದ ಮಾತುಗಳನ್ನು ನೆನಪಾದಷ್ಟು ಬರೆದ. ಇಲ್ಲೆ ಬಾ. ಸುಮ್ಮನ ಕೂಡು. ಅಲ್ಲೆ ಬ್ಯಾಡ. ಮೀಸಿ ಒರಸ್ಕೋ. ಅಪ್ಪ ಬಂದ. ಈಗ ಮನೆಯಲ್ಲಿ ಅವನ್ನು ಯಾರೂ ಆಡುತ್ತಿರಲಿಲ್ಲ. ಬರೆದು ಮುಗಿಸಿ, ಕಳೆದುಹೋದದ್ದನ್ನೆಲ್ಲ ಎಣಿಸಿದ.

ಒಂದು ಬೆಕ್ಕು. ಒಂದು ಜಮಖಾನೆ. ಇಪ್ಪತ್ತಮೂರು ಮಾತು.